ಉಪಚಾರವಿಲ್ಲದ ಪಂಕ್ತಿ

ಕೋಲ್ಕತ್ತಾದ ಅಲಿಪುರದಲ್ಲಿ ಕೂತು ಸುಶಿಯ ಕಥೆ ಹೇಳುವುದು ನನ್ನಂಥವಳಿಗೆ ಕಷ್ಟದ ಕೆಲಸ. ನಾನು ಹುಟ್ಟಿದ್ದು ಸಾಗರದ ಕಡೆಯ ಅಡಿಕೆ ತೋಟದ ಮನೆಯಲ್ಲಿ. ಮೀನನ್ನು ಕಂಡದ್ದು ಹೊಳೆಯಲ್ಲಿ ಈಜುವಾಗ ಮಾತ್ರ. ಸಂಸಾರ ಹೂಡಿದ್ದು ಮದುವೆಯ ಉಡುಗೊರೆಯ ತಟ್ಟೆಯಲ್ಲೂ ಮೀನನ್ನು ಸಿಂಗರಿಸಿ ಕಳಿಸುವ ಬಂಗಾಳದಲ್ಲಿ. ಮಗಳು ಸಂಸಾರ ಹೂಡಿದ್ದು ಮೀನನ್ನು ಬೇಯಿಸುವ ಗೋಜಿಗೂ ಹೋಗದ ಜಪಾನಿನಲ್ಲಿ. ಒಂದು ತಲೆಮಾರಿಗೆ ಇಷ್ಟು ಮೀನು ಹೆಚ್ಚಾಯಿತು ಎಂದು ನಮ್ಮಮ್ಮ ಇದ್ದಿದ್ದರೆ ಹೇಳುತ್ತಿದ್ದರು.

ಕೇಳುವವರು ಪಕ್ಕದ ಫ್ಲಾಟಿನ ಬೌದಿ, ನಮ್ಮ ಮಾತಿನಲ್ಲಿ ಅತ್ತಿಗೆ. ನಾವಿಬ್ಬರೂ ಬೆಳಿಗ್ಗೆ ವಾಕಿಂಗ್ ಹೋಗುವುದು ಅಲಿಪುರ ರಸ್ತೆಯ ಅಗ್ರಿ-ಹಾರ್ಟಿಕಲ್ಚರಲ್ ಸೊಸೈಟಿಯ ತೋಟಕ್ಕೆ. ಆ ಸೊಸೈಟಿಯನ್ನು 1820ರಲ್ಲಿ ಕಟ್ಟಿದ ವಿಲಿಯಂ ಕೇರಿ ಅದಕ್ಕೂ ಮೂರು ವರ್ಷ ಮೊದಲು ಶ್ರೀರಾಂಪುರದ ಅಚ್ಚುಕೂಟದಿಂದ ಕನ್ನಡ ವ್ಯಾಕರಣವೊಂದನ್ನು ಹೊರತಂದಿದ್ದ. ಹಾಗಾಗಿ ಆ ತೋಟದಲ್ಲಿ ಕನ್ನಡದವಳಿಗೂ ಸ್ವಲ್ಪ ಹಕ್ಕಿದೆ ಎಂಬುದು ನನ್ನ ವಾದ, ಬೌದಿ ಒಪ್ಪಿಲ್ಲ. ಒಸಾಕಾದ ಮಗಳ ಮನೆಯಿಂದ ಬಂದ ಮರುದಿನ ಅಲ್ಲೇ ಸುದ್ದಿ ಶುರುವಾಯಿತು.

"ಹಸಿಯಾಗೇ ತಿಂತಾರಾ? ಕಾಂಚಾ ಮಾಛ್?" ಎಂದು ಬೌದಿ ನಿಂತೇಬಿಟ್ಟರು. ಹೌದು ಎಂದೆ. ಎರಡು ಹೆಜ್ಜೆ ನಡೆದರು. ಸಾಸಿವೆ ಇಲ್ಲದೆ, ಅರಿಸಿನ ಇಲ್ಲದೆ, ಎಣ್ಣೆಗೂ ಹಾಕದೆ ಒಂದು ಒಳ್ಳೆಯ ಮೀನನ್ನು ಹಾಗೆ ಕೈಬಿಡುವುದೇ ಎಂಬ ದುಃಖ ಅವರ ಮುಖದಲ್ಲಿತ್ತು. ಆಮೇಲೆ, ಸರಿ, ಬಡಿಸುವವರು ಯಾರು ಎಂದು ಕೇಳಿದರು.

"ಯಾರೂ ಇಲ್ಲ. ತಟ್ಟೆಗಳು ತಾವೇ ಬರ್ತವೆ. ಬೆಲ್ಟಿನ ಮೇಲೆ."

ಹಸಿ ಮೀನನ್ನು ಹೇಗೋ ಅರಗಿಸಿಕೊಂಡಿದ್ದ ಬೌದಿಗೆ ಇದು ಅರಗಲಿಲ್ಲ. ಊಟಕ್ಕೆ ಕರೆದು ಬಡಿಸದೆ ಇರುವುದು ಯಾವ ಸೀಮೆಯ ಮರ್ಯಾದೆ?

ನಾವು ಹೋದದ್ದು ಕುರಾ ಸುಶಿ ಎಂಬ ದೊಡ್ಡ ಜಾಲದ ಒಂದು ಅಂಗಡಿಗೆ. ಬಾಗಿಲಲ್ಲೇ ಒಂದು ಯಂತ್ರ. ಅಳಿಯ ಅದರ ಮೇಲೆ ಬೆರಳಾಡಿಸಿ ನಮ್ಮ ಜಾಗದ ಚೀಟಿ ಪಡೆದ. ಒಳಗೆ ನಮ್ಮ ರೈಲು ಡಬ್ಬಿಯ ಬರ್ತುಗಳ ಮಾದರಿಯಲ್ಲಿ ಎದುರುಬದುರು ಸೀಟು, ನಡುವೆ ಮೇಜು, ಮೇಜಿನ ತುದಿಗೆ ತಾಗಿಕೊಂಡೇ ಹರಿಯುವ ಬೆಲ್ಟು. ತಟ್ಟೆಗೊಂದು ಪಾರದರ್ಶಕ ಮುಚ್ಚಳ. ಅದನ್ನು ಕೈಯಿಂದ ತೆಗೆಯುವಂತಿಲ್ಲ. ತಟ್ಟೆಯ ಅಂಚಿಗೆ ಬೆರಳು ಕೊಟ್ಟು ಸ್ವಲ್ಪ ಮೇಲಕ್ಕೆತ್ತಿದರೆ ಮುಚ್ಚಳ ತಾನೇ ಬಾಯಿ ಬಿಡುತ್ತದೆ, ತಟ್ಟೆ ನಿಮ್ಮ ಕೈಗೆ ಬರುತ್ತದೆ, ಖಾಲಿ ಮುಚ್ಚಳ ಮುಂದಕ್ಕೆ ಹೋಗುತ್ತದೆ. ಇಷ್ಟನ್ನೂ ತಟ್ಟೆ ಎದುರಿಗಿರುವ ಕೆಲವೇ ಗಳಿಗೆಯಲ್ಲಿ ಮುಗಿಸಬೇಕು. ನಾನು ಅಂಚು ಹುಡುಕುವಷ್ಟರಲ್ಲಿ ಮೊದಲ ತಟ್ಟೆ ಪಕ್ಕದ ಮೇಜಿನವರ ಪಾಲಾಯಿತು.

ಈ ಉಪಾಯ ಹೊಳೆದದ್ದು ಯೊಶಿಯಾಕಿ ಶಿರಾಯಿಶಿ ಎಂಬವನಿಗೆ. ಈಗ ಹಿಗಾಶಿ ಒಸಾಕಾ ಎನ್ನುವ ಊರಿನಲ್ಲಿ ಅವನದೊಂದು ಸಣ್ಣ ಸುಶಿ ಅಂಗಡಿ ಇತ್ತು. ಸುತ್ತಮುತ್ತ ಸಣ್ಣ ಪುಟ್ಟ ಕಾರ್ಖಾನೆಗಳು, ಹಸಿದ ಕೆಲಸಗಾರರು, ಅಂಗಡಿಯಲ್ಲಿ ಆಳುಗಳಿಲ್ಲ. ಒಮ್ಮೆ ಅಸಾಹಿ ಬಿಯರ್ ಕಾರ್ಖಾನೆಯಲ್ಲಿ ಬಾಟಲಿಗಳು ಬೆಲ್ಟಿನ ಮೇಲೆ ಸಾಲಾಗಿ ಹೋಗುವುದನ್ನು ಕಂಡ. ಬಾಟಲಿ ಹೋಗುವುದಾದರೆ ಅನ್ನದ ಉಂಡೆ ಯಾಕೆ ಹೋಗಬಾರದು? ವರ್ಷಗಟ್ಟಲೆ ತಲೆ ಕೆಡಿಸಿಕೊಂಡು 1958ರಲ್ಲಿ ಗೆನ್ರೊಕು ಎಂಬ ಹೆಸರಿನಲ್ಲಿ ಜಗತ್ತಿನ ಮೊದಲ ತಿರುಗುವ ಸುಶಿ ಅಂಗಡಿ ತೆರೆದ. 1970ರ ಒಸಾಕಾ ಎಕ್ಸ್‌ಪೋದಲ್ಲಿ ಜನ ಅದನ್ನು ನೋಡಿದ ಮೇಲೆ ಜಪಾನಿನ ಊರೂರಲ್ಲೂ ಬೆಲ್ಟು ಓಡಿತು. ಅಲ್ಲಿಯವರೆಗೆ ಸುಶಿ ಎಂದರೆ ದುಡ್ಡಿದ್ದವರು ಅಡುಗೆಯವನ ಮುಂದೆ ಕೂತು, ಬೆಲೆ ಕೇಳಲು ನಾಚಿಕೊಂಡು ತಿನ್ನುವ ಪದಾರ್ಥವಾಗಿತ್ತು. ಬೆಲ್ಟು ಅದನ್ನು ಮಕ್ಕಳು ಮರಿ ಕಟ್ಟಿಕೊಂಡು ಭಾನುವಾರ ಹೋಗಿ ತಿನ್ನುವಂತೆ ಮಾಡಿತು.

ನಮ್ಮ ಕಡೆಯೂ ಬಡಿಸುವ ಆಳಿಲ್ಲದೆ ಅಂಗಡಿ ನಡೆಸಲು ಬೇರೆ ದಾರಿ ಕಂಡವರಿದ್ದಾರೆ. ಬೆಂಗಳೂರಿನ ಜಯನಗರದಲ್ಲಿ 1983ರಲ್ಲಿ ಆರ್. ಪ್ರಭಾಕರ್ ಕೆಫೆ ದರ್ಶಿನಿ ತೆರೆದಾಗ ಮಾಣಿಯನ್ನೂ ಕುರ್ಚಿಯನ್ನೂ ಒಟ್ಟಿಗೇ ಕೈಬಿಟ್ಟರು. ಜಪಾನಿನವನು ತಿನ್ನುವವರನ್ನು ಕೂರಿಸಿ ತಿಂಡಿಯನ್ನು ನಡೆಸಿದ. ನಾವು ತಿಂಡಿಯನ್ನು ಕೌಂಟರಿನಲ್ಲಿ ಕೂರಿಸಿ ತಿನ್ನುವವರನ್ನು ನಡೆಸಿದೆವು. ಮಂಡಿ ನೋವಿನ ನನ್ನ ವಯಸ್ಸಿಗೆ ಯಾರ ದಾರಿ ಹಿತವೆಂದು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮನೆಯವರು ಅಲಿಪುರದ ಹವಾಮಾನ ಕಚೇರಿಯಲ್ಲಿದ್ದು ನಿವೃತ್ತರಾದವರು. ಮಳೆ ಬಂದರೂ ಬಾರದಿದ್ದರೂ ಬಂಗಾಳದ ಜನ ಬಯ್ಯುವುದು ಅದೇ ಕಚೇರಿಗೆ. ಚಲಿಸುವುದು ಏನು ಕಂಡರೂ ಅವರಿಗೆ ಅದರ ವೇಗ ತಿಳಿಯಬೇಕು, ಅದು ಚಂಡಮಾರುತವಾಗಲಿ ಮೀನಿನ ತಟ್ಟೆಯಾಗಲಿ. ಊಟ ಬಿಟ್ಟು ಗಡಿಯಾರ ಹಿಡಿದು ಕೂತರು. ಶಿರಾಯಿಶಿಯೂ ಇದನ್ನೇ ಲೆಕ್ಕ ಹಾಕಿದ್ದ ಎಂದು ಅಳಿಯ ಸಮಾಧಾನ ಹೇಳಿದ. ನಿಧಾನವಾದರೆ ಜನಕ್ಕೆ ತಾಳ್ಮೆ ತಪ್ಪುತ್ತದೆ, ಜೋರಾದರೆ ಮೀನು ಒಣಗುತ್ತದೆ, ಕೈಗೂ ಸಿಗುವುದಿಲ್ಲ. ಕೊನೆಗೆ ಅವನು ನಿಂತದ್ದು ಸೆಕೆಂಡಿಗೆ 8 ಸೆಂಟಿಮೀಟರಿಗೆ.

ನಮ್ಮನೆಯವರು ಕಣ್ಣು ಮುಚ್ಚಿ ಏನೋ ಗುಣಿಸಿ, "ಇದು ಆಮೆಯ ನಡಿಗೆ" ಎಂದರು. ಮಾತಿಗೆ ಹೇಳಿದ್ದಲ್ಲ, ಲೆಕ್ಕ ಕೊಟ್ಟರು. 1835ರಲ್ಲಿ ಗಾಲಪಗೋಸ್ ದ್ವೀಪಕ್ಕೆ ಹೋದ ಡಾರ್ವಿನ್ ಅಲ್ಲಿನ ದೈತ್ಯ ಆಮೆಯೊಂದರ ಹಿಂದೆ ನಡೆದು, ಅದು ಹತ್ತು ನಿಮಿಷಕ್ಕೆ 60 ಗಜ ಹೋಗುತ್ತದೆಂದು ಬರೆದಿಟ್ಟ. ಅಂದರೆ ಸೆಕೆಂಡಿಗೆ 9 ಸೆಂಟಿಮೀಟರು. ಆಮೆಯೇ ಒಂದು ಕೂದಲು ಮುಂದೆ! ನಮ್ಮ ಅಲಿಪುರದ ಮೃಗಾಲಯದಲ್ಲಿ ಅದ್ವೈತ ಎಂಬ ಇಂಥದೇ ದೈತ್ಯ ಆಮೆ ಇತ್ತು. ಕ್ಲೈವನ ಕಾಲದ್ದು ಎಂದು ಊರೆಲ್ಲ ಹೇಳುತ್ತಿತ್ತು, 2006ರಲ್ಲಿ ತೀರಿಕೊಂಡಿತು. ಮಗಳು ಚಿಕ್ಕವಳಿದ್ದಾಗ ಅದು ಒಂದು ಹೆಜ್ಜೆ ಇಡುವುದನ್ನು ನೋಡಲು ಬೇಲಿ ಹಿಡಿದು ಗಂಟೆಗಟ್ಟಲೆ ನಿಂತಿರುತ್ತಿದ್ದಳು. ಅವಳ ಮಗಳಿಗೆ ಈಗ ಆಮೆಯ ವೇಗದಲ್ಲಿ ಊಟ ಬರುತ್ತದೆ, ತಾಳ್ಮೆ ಮಾತ್ರ ಇಲ್ಲ. ಅವಳು ಆಗಲೇ ಮೇಜಿನ ಪರದೆ ಒತ್ತಿ ತನಗೆ ಬೇಕಾದ್ದನ್ನು ತರಿಸಿಕೊಂಡಾಗಿತ್ತು. ಹಾಗೆ ಕೇಳಿದ್ದು ಮೇಲಿನ ಇನ್ನೊಂದು ಪಟ್ಟಿಯ ಮೇಲೆ ಸುಂಯ್ ಎಂದು ಬಂದು ನಮ್ಮೆದುರೇ ನಿಲ್ಲುತ್ತದೆ.

ಮೇಜಿನ ಅಂಚಿನಲ್ಲಿ ಒಂದು ನಲ್ಲಿಯೂ ಇತ್ತು. ಊಟಕ್ಕೆ ಮೊದಲು ಕೈ ತೊಳೆಯಲು ಎಷ್ಟು ಅನುಕೂಲ ಮಾಡಿದ್ದಾರೆ ಎಂದು ನಮ್ಮನೆಯವರು ಕೈ ಚಾಚಿದರು. "ಅಜ್ಜಾ!" ಎಂದು ಮೊಮ್ಮಗಳು ಕಿರುಚಿ ಮಣಿಕಟ್ಟು ಹಿಡಿದಳು. ಅದು ಚಹಾಕ್ಕೆ ಇಟ್ಟ ಕುದಿನೀರು. ಲೋಟಕ್ಕೆ ಹಸಿರು ಪುಡಿ ಹಾಕಿ, ಲೋಟದಿಂದಲೇ ಗುಂಡಿ ಒತ್ತಿ ನೀರು ಹಿಡಿದುಕೊಳ್ಳಬೇಕು. ಕೈ ಒರೆಸಲು ಒದ್ದೆ ಬಟ್ಟೆ ಬೇರೆ.

ಇನ್ನು ನನ್ನ ಊಟ. ಬೆಲ್ಟಿನ ಮೇಲೆ ಬಂದದ್ದರಲ್ಲಿ ಕೆಂಪು ಮೀನು, ಬಿಳಿ ಮೀನು, ಸಿಗಡಿ, ಆಕ್ಟೋಪಸ್ಸಿನ ಕಾಲು, ಮೀನಿನ ಕಿತ್ತಳೆ ಮೊಟ್ಟೆ. ಕರಿದ ತೋಫುವಿನ ಚೀಲದೊಳಗೆ ಅನ್ನ ತುಂಬಿದ ಇನಾರಿ ಬಂದಾಗ ನನ್ನ ಕೈ ಮುಂದಾಯಿತು. "ಅಮ್ಮಾ, ಅದನ್ನ ಬೇಯಿಸೋ ರಸಕ್ಕೆ ಒಣ ಮೀನಿನ ಸಾರು ಹಾಕಿರ್ತಾರೆ" ಎಂದಳು ಮಗಳು. ಕಾರ್ನ್ ಬಂತು, ಅದರ ಮೇಲಿನ ಮೇಯನೀಸಿನಲ್ಲಿ ಮೊಟ್ಟೆ. ಉಳಿದದ್ದು ಸೌತೆಕಾಯಿಯ ಸುರುಳಿ. ಅದನ್ನೂ ಪರದೆ ಒತ್ತಿ ತರಿಸಬಹುದಿತ್ತು, ನಾನೇ ಬೇಡ ಎಂದೆ. ಬೆಲ್ಟು ನೋಡಲು ಬಂದು ಬೆಲ್ಟಿನ ಮೇಲಿನದನ್ನೇ ತಿನ್ನಬೇಕೆಂಬ ಹಟ. ದೂರದ ತಿರುವಿನಲ್ಲಿ ಹಸಿರು ಚುಕ್ಕೆ ಕಂಡಿತು. ಎರಡು ಮೇಜಿನಾಚೆಯ ಮುದುಕರೊಬ್ಬರು ಅದನ್ನು ಎತ್ತಿಕೊಂಡರು. ಅಷ್ಟೊಂದು ಮೀನು ಬಿಟ್ಟು ನನ್ನ ಒಂದೇ ಸೌತೆಕಾಯಿಗೆ ಕೈ ಹಾಕಬೇಕೇ ಆ ಮಹಾನುಭಾವ? ಬೆಲ್ಟಿನಲ್ಲೂ ಅಡುಗೆಮನೆಗೆ ಹತ್ತಿರ ಕೂತವನೇ ಪುಣ್ಯವಂತ.

ಕೊನೆಗೊಂದು ತಟ್ಟೆ ನನ್ನವರೆಗೂ ತಲುಪಿತು. ಕಪ್ಪು ಪಾಚಿಯ ಹಾಳೆ, ಒಳಗೆ ಸಕ್ಕರೆ ಹುಳಿ ಹಿಡಿದ ಅನ್ನ, ನಡುವೆ ಬೆರಳುದ್ದದ ಸೌತೆಕಾಯಿ ಎಳೆ. ಅಲ್ಲಿ ವಸಾಬಿ ಎಂಬ ಘಾಟಿನ ಮುದ್ದೆಯನ್ನು ಬೇರೆ ಪೊಟ್ಟಣದಲ್ಲಿ ಕೊಡುತ್ತಾರೆ. ಕಡಲೆಕಾಳಿನಷ್ಟು ಹಚ್ಚಿ ಬಾಯಿಗಿಟ್ಟೆ. ನಾಲಿಗೆಗೆ ಏನೂ ಆಗಲಿಲ್ಲ. ಮರುಕ್ಷಣ ಮೂಗಿನ ಮೂಲಕ ನೆತ್ತಿಗೇರಿ, ಕಣ್ಣಲ್ಲಿ ನೀರು ಬಂದು, ಎಲ್ಲ ಮಾಯ. ಒಸಾಕಾದ ನಡುಮಧ್ಯೆ ಕೂತು ನಾನು ತಿಂದದ್ದು ನಮ್ಮ ತೋಟದ ಮನೆಯ ಸೌತೆಕಾಯಿ ಸಾಸಿವೆಯನ್ನು, ಅನ್ನ ಹೊರಗಡೆ ಇತ್ತು ಅಷ್ಟೆ.

ಇದು ಬರೀ ತವರಿನ ಹಂಬಲವಲ್ಲ. ವಸಾಬಿಯೂ ಸಾಸಿವೆಯೂ ಒಂದೇ ಕುಟುಂಬದ ಗಿಡಗಳು, ಎರಡರ ಘಾಟಿಗೂ ಕಾರಣವಾದ ವಸ್ತು ಒಂದೇ. ಗಿಡದಲ್ಲೋ ಕಾಳಿನಲ್ಲೋ ಅದು ಸುಮ್ಮನೆ ಇರುವುದಿಲ್ಲ, ತೇದಾಗ ಅರೆದಾಗ ಹುಟ್ಟುತ್ತದೆ. ಹುಟ್ಟಿದ್ದೇ ಹಾರಿಹೋಗತೊಡಗುತ್ತದೆ, ಅದಕ್ಕೇ ಮೆಣಸಿನಕಾಯಿಯ ಖಾರ ನಾಲಿಗೆಯಲ್ಲಿ ಕೂರುತ್ತದೆ, ಇದು ಮೂಗಿಗೆ ಹೋಗುತ್ತದೆ. ನಿಜವಾದ ವಸಾಬಿ ಬೆಳೆಯುವುದು ತಣ್ಣಗೆ ಹರಿಯುವ ನೀರಿನಲ್ಲಿ, ಬೆಲೆಯೂ ಹಾಗೇ ಇದೆ. ಅಗ್ಗದ ಪೊಟ್ಟಣಗಳಲ್ಲಿ ಸಾಮಾನ್ಯವಾಗಿ ಇರುವುದು ಅದರದೇ ಕುಟುಂಬದ ಇನ್ನೊಂದು ಬೇರು, ಎಷ್ಟೋ ಸಲ ಸಾಸಿವೆಯೂ ಸೇರಿರುತ್ತದೆ. ತಂದಿದ್ದ ಪೊಟ್ಟಣವನ್ನು ಬೌದಿಗೆ ಕೊಟ್ಟೆ. ನಾಲಿಗೆಗೆ ಹಚ್ಚಿ, ಮೂಗು ಹಿಡಿದುಕೊಂಡು, ಕಣ್ಣೊರೆಸಿ, "ಕಸುಂದಿ! ಆದ್ರೆ ಹುಳಿ ಹಿಡಿಸಿಲ್ಲ" ಎಂದು ತೀರ್ಪು ಕೊಟ್ಟರು. ಕಸುಂದಿ ಎಂದರೆ ಬಂಗಾಳದವರ ಹುಳಿ ಹಿಡಿಸಿದ ಸಾಸಿವೆ ಗೊಜ್ಜು. ಸಾಸಿವೆ ಅರೆಯುವಾಗ ಒಂದು ಹಸಿಮೆಣಸು, ಸ್ವಲ್ಪ ಉಪ್ಪು ಹಾಕಿದರೆ ಕಹಿಯಾಗುವುದಿಲ್ಲ ಎಂಬುದು ಅವರು ನನಗೆ ಕಲಿಸಿದ ಪಾಠ. ಜಪಾನಿನವರಿಗೂ ಯಾರಾದರೂ ಹೇಳಬೇಕಂತೆ.

ಬಡಿಸುವವರಿಲ್ಲ ಎಂಬ ಅವರ ತಕರಾರು ಮಾತ್ರ ನನ್ನನ್ನು ಬಿಡಲಿಲ್ಲ. ನಮ್ಮೂರ ಪಂಕ್ತಿಯಲ್ಲೂ ಉಣ್ಣುವವರು ಕೂತಲ್ಲೇ ಕೂತಿರುತ್ತಾರೆ, ಊಟ ಅವರ ಮುಂದೆ ಹಾದು ಹೋಗುತ್ತದೆ. ಪಲ್ಯ, ಕೋಸಂಬರಿ, ತೊವ್ವೆ, ಸಾರು, ಹುಳಿ, ಪಾಯಸ. ಒಂದೊಂದೂ ಬಾಳೆಲೆಗಳ ಸಾಲಿನ ಈ ತುದಿಯಿಂದ ಆ ತುದಿಗೆ. ಬಿಟ್ಟುಹೋದದ್ದು ಇನ್ನೊಂದು ಸುತ್ತು ಬಂದೇ ಬರುತ್ತದೆ. ಆದರೆ ನಮ್ಮಲ್ಲಿ ಹೋಳಿಗೆಯ ಹಿಂದೆ ಒಬ್ಬ ಮನುಷ್ಯ ಇರುತ್ತಿದ್ದ. ನನ್ನ ಸೋದರಮಾವ ಒತ್ತಾಯ ಮಾಡಿ ಬಡಿಸುವುದರಲ್ಲಿ ಪಳಗಿದವರು. ಉಣ್ಣುವವನು ಎರಡೂ ಅಂಗೈ ಎಲೆಯ ಮೇಲೆ ಅಡ್ಡ ಹಿಡಿದು, ಮೈಯನ್ನೇ ಮುಂದಕ್ಕೆ ಬಾಗಿಸಿ "ಬೇಡ, ಬೇಡ" ಎಂದರೆ ಮಾವ ಒಪ್ಪಿದವರಂತೆ ಮುಂದೆ ಹೋಗುತ್ತಿದ್ದರು. ಎರಡು ಎಲೆ ದಾಟಿ ತಿರುಗಿ, "ಭಾವಾ, ಮಗಳಿಗೆ ಎಲ್ಲಾದ್ರೂ ನೋಡಿದ್ಯಾ?" ಎನ್ನುತ್ತಿದ್ದರು. ಭಾವ ತಲೆಯೆತ್ತಿ, ಕೈ ತೆಗೆದು ಉತ್ತರ ಹೇಳುವುದರೊಳಗೆ ಹೋಳಿಗೆ ಎಲೆಯ ಮೇಲೆ ಬಿದ್ದು, ತುಪ್ಪವೂ ಬಿದ್ದಿರುತ್ತಿತ್ತು. ಬಂಗಾಳದ ಮದುವೆಮನೆಯಲ್ಲಿ ಕೇರಿಯ ಹುಡುಗರು ಸೊಂಟಕ್ಕೆ ಗಮಛಾ ಬಿಗಿದು, ಬಕೆಟ್ಟು ಹಿಡಿದು "ಆರ್ ಏಕ್ಟು, ಆರ್ ಏಕ್ಟು" (ಇನ್ನೂ ಸ್ವಲ್ಪ) ಎಂದು ಇದೇ ಕೆಲಸ ಮಾಡುತ್ತಿದ್ದರೆಂದು ಬೌದಿ ಹೇಳಿದರು. ಈಗ ಕೇಟರಿಂಗಿನವರು ಬಂದು ಅದೂ ಹೋಯಿತಂತೆ.

ಈ ಒತ್ತಾಯವನ್ನು ನಾನು ಜೀವಮಾನವಿಡೀ ಬೈದುಕೊಂಡಿದ್ದೇನೆ. ಒಸಾಕಾದಲ್ಲಿ ಮೊದಲ ಅರ್ಧ ಗಂಟೆ ನನಗೆ ಸ್ವರ್ಗ. ಯಾರೂ ಕೇಳುವುದಿಲ್ಲ, ಯಾರೂ ನೋಡುವುದಿಲ್ಲ, ಬೇಕಾದರೆ ಎತ್ತಿಕೋ, ಬೇಡವಾದರೆ ಬಿಡು. ಆದರೆ ಸೌತೆಕಾಯಿ ಸಾಲದೆ ಕರಿದ ಆಲೂಗಡ್ಡೆಗೂ ಹಣ್ಣಿಗೂ ಐಸ್‌ಕ್ರೀಮಿಗೂ ಕೈ ಹಾಕಿದ ಮೇಲೆ ಒಂದು ವಿಚಿತ್ರ ಕಂಡಿತು: ನನಗೆ ಊಟ ನಿಲ್ಲಿಸುವುದು ತಿಳಿಯುತ್ತಿಲ್ಲ. ಪಂಕ್ತಿಯಲ್ಲಿ "ಸಾಕು" ಎನ್ನುವುದು ಒಂದು ಚೌಕಾಸಿ. ಬಡಿಸುವವನು ಇನ್ನೆರಡು ಹಾಕಿಯೇ ಹಾಕುತ್ತಾನೆಂದು ಗೊತ್ತಿರುವುದರಿಂದ ಹೊಟ್ಟೆಯಲ್ಲಿ ಎರಡರ ಜಾಗ ಇರುವಾಗಲೇ ಸಾಕು ಎಂದುಬಿಡುತ್ತೇವೆ. ಬೆಲ್ಟಿನೊಡನೆ ಚೌಕಾಸಿ ಮಾಡುವುದು ಹೇಗೆ? ಅದಕ್ಕೆ ಕಿವಿಯಿಲ್ಲ. ಒಮ್ಮೆ ಅನಾನಸ್ಸಿನ ತಟ್ಟೆ ಹತ್ತಿರ ಬಂದಾಗ ನನಗರಿವಿಲ್ಲದೆ ಬಲಗೈ ಅಡ್ಡ ಹಿಡಿದಿದ್ದೆ. ತಟ್ಟೆ ನನ್ನ ಕೈಯನ್ನು ಲೆಕ್ಕಕ್ಕೇ ಹಿಡಿಯದೆ ಹೊರಟುಹೋಯಿತು. ಮಗಳು ನಕ್ಕಳು, ನನಗೆ ಒಂದು ಥರ ಅವಮಾನವಾಯಿತು.

ಹಾಗೆಂದು ಪಂಕ್ತಿಯನ್ನು ಹೊಗಳಿ ಹಾಡುವಷ್ಟು ಮರೆವು ನನಗಿಲ್ಲ. ಮೊದಲ ಪಂಕ್ತಿಗೆ ಯಾರು ಕೂರಬೇಕು, ಯಾರು ಬೇರೆ ಕಡೆ ಕೂರಬೇಕು ಎಂದು ಎಲೆ ಹಾಕುವ ಮೊದಲೇ ತೀರ್ಮಾನವಾಗಿರುತ್ತಿತ್ತು. ಬೇಯಿಸಿದ ಹೆಂಗಸರದು ಕೊನೆಯ ಪಂಕ್ತಿ. ಆಗ ಹುಳಿಯಲ್ಲಿ ಹೋಳು ಇರುತ್ತಿರಲಿಲ್ಲ, ಹೋಳಿಗೆಯಲ್ಲಿ ಅಂಚು ಹರಿದದ್ದು ಉಳಿದಿರುತ್ತಿತ್ತು. ನಮಗೆ ಉಪಚಾರ ಮಾಡಿದವರು ಯಾರು? ಸೋದರಮಾವ ಆ ಹೊತ್ತಿಗೆ ಜಗಲಿಯಲ್ಲಿ ಎಲೆಯಡಿಕೆ ಹಾಕಿ ಒರಗಿರುತ್ತಿದ್ದರು. ಬೆಲ್ಟಿನ ಮುಂದೆ ನಾನು ನಮ್ಮನೆಯವರ ಎದುರಿಗೇ, ಅದೇ ಹೊತ್ತಿಗೆ, ಅದೇ ಬಿಸಿಚಹಾ ಹಿಡಿದು ಕೂತಿದ್ದೆ. ಬೌದಿಗೆ ಇದನ್ನು ಹೇಳಿದಾಗ ಅವರು ತಕರಾರು ತೆಗೆಯಲಿಲ್ಲ. ಸ್ವಲ್ಪ ದೂರ ಸುಮ್ಮನೆ ನಡೆದು, ತಮ್ಮ ಅತ್ತೆಯ ಮನೆಯಲ್ಲಿ ಮೀನಿನ ತಲೆ ಯಾವತ್ತೂ ಗಂಡಸರ ತಟ್ಟೆಗೇ ಹೋಗುತ್ತಿತ್ತು ಎಂದರು.

ಬೆಲ್ಟಿಗೂ ಈಗ ಕಷ್ಟಕಾಲ. 2023ರ ಜನವರಿಯಲ್ಲಿ ಗಿಫು ಎಂಬ ಊರಿನ ಇನ್ನೊಂದು ಜಾಲದ ಅಂಗಡಿಯಲ್ಲಿ ಹುಡುಗನೊಬ್ಬ ಸೋಯಾ ಸಾಸಿನ ಬಾಟಲಿಯ ಬಾಯಿ ನೆಕ್ಕಿ, ಬೆರಳಿಗೆ ಎಂಜಲು ಹಚ್ಚಿ ಹಾದುಹೋಗುವ ಸುಶಿಯನ್ನು ಮುಟ್ಟಿದ ವಿಡಿಯೋ ದೇಶವಿಡೀ ಹರಡಿತು. ಜನ ಹೇಸಿ ದೂರ ಸರಿದರು, ಆ ಜಾಲದ ಷೇರಿನ ಬೆಲೆ ಕುಸಿಯಿತು. ಎಷ್ಟೋ ಅಂಗಡಿಗಳು ತಟ್ಟೆ ತಿರುಗಿಸುವುದನ್ನೇ ನಿಲ್ಲಿಸಿ, ಕೇಳಿದವರಿಗೆ ಮಾತ್ರ ಕಳಿಸತೊಡಗಿದವು. ಕುರಾದವರು ಮುಚ್ಚಳದ ಬಲದ ಮೇಲೆ ಬೆಲ್ಟನ್ನು ಉಳಿಸಿಕೊಂಡು, ಅನುಮಾನ ಬರುವಂತೆ ಮುಚ್ಚಳ ತೆರೆದವರನ್ನು ಹಿಡಿಯಲು ಕ್ಯಾಮೆರಾಕ್ಕೆ ಕಲಿಸಿದರು. ನಮ್ಮಜ್ಜಿ ಸೌಟು ಎಲೆಗೆ ತಾಗಿತೆಂದು ಇಡೀ ಪಾತ್ರೆಯ ಸಾರನ್ನು ದನದ ಬಾನಿಗೆ ಸುರಿಸಿದ್ದಳು. ಆಗ ನಾವು ಮಕ್ಕಳೆಲ್ಲ ನಕ್ಕಿದ್ದೆವು. ಬೌದಿಗೂ ಎಂಜಲಿನ ಮಾತನ್ನು ವಿವರಿಸಬೇಕಾಗಲಿಲ್ಲ, ವಿಡಿಯೋದ ಸುದ್ದಿ ಹೇಳಿದ್ದೇ ಕೈಯಲ್ಲಿದ್ದ ಬಿಸ್ಕತ್ತನ್ನು ಪೊಟ್ಟಣಕ್ಕೆ ವಾಪಸು ಹಾಕಿದರು.

ನನಗೆ ಕೇಳಿದ್ದನ್ನಷ್ಟೇ ಕಳಿಸುವ ಏರ್ಪಾಡು ಹಿಡಿಸಲಿಲ್ಲ. ಬೇಕಾದ್ದನ್ನು ಕೇಳಿ ತರಿಸಿ ತಿನ್ನಲು ನಮಗೆ ರಾಸ್‌ಬಿಹಾರಿ ಅವೆನ್ಯೂದ ಬನಾನಾ ಲೀಫ್ ಇದೆ, ಲೇಕ್ ಮಾರ್ಕೆಟ್ಟಿನ ತರಕಾರಿ ಚೀಲ ಪಕ್ಕಕ್ಕಿಟ್ಟು ದೋಸೆ ಹೇಳಿದರಾಯಿತು. (ಆ ರಸ್ತೆ ಟೋಕಿಯೋದ ನಕಮುರಾಯಾ ಅಂಗಡಿಗೆ 1927ರಲ್ಲಿ ಬಂಗಾಳದ ಕೋಳಿಸಾರು ಕಲಿಸಿದ ಕ್ರಾಂತಿಕಾರಿ ರಾಸ್‌ಬಿಹಾರಿ ಬೋಸ್ ಹೆಸರಿನದೆಂದು ನಾನು ಒಸಾಕಾದಲ್ಲಿ ಜಂಬ ಕೊಚ್ಚಿದ್ದೆ, ಅದು ವಕೀಲ ರಾಸ್‌ಬಿಹಾರಿ ಘೋಷ್ ಎಂದು ಬೌದಿ ನನ್ನ ಜಂಬವನ್ನು ಇಳಿಸಿದರು.) ಬೆಲ್ಟಿನ ಸುಖ ಇರುವುದೇ ಕೇಳದೆ ಬರುವುದರಲ್ಲಿ. ತಿರುವಿನಾಚೆ ಏನಿದೆಯೋ ಎಂದು ಕತ್ತು ಉದ್ದ ಮಾಡಿ ಕಾಯುವುದರಲ್ಲಿ.

ಒಸಾಕಾದಲ್ಲಿ ಅನಾನಸ್ಸಿನ ತಟ್ಟೆ ಹೊರಟುಹೋದ ಮೇಲೆ ನಾನು ಕೈಯೊರೆಸಿ, ಬೆನ್ನು ಒರಗಿಸಿ, ನಮ್ಮನೆಯವರಿಗೆ ಹೊರಡೋಣವೇ ಎಂಬ ಕಣ್ಣು ಮಾಡಿದ್ದೆ. ಮೊಮ್ಮಗಳು ಹತ್ತಿರ ಸರಿದು ನನ್ನ ಸೆರಗು ಹಿಡಿದಳು. ಮೇಜಿನ ಬದಿಯಲ್ಲಿ ಒಂದು ಕಿಂಡಿ ಇದೆ. ಖಾಲಿ ತಟ್ಟೆಗಳನ್ನು ಅದರೊಳಗೆ ಹಾಕಿದರೆ ನೀರಿನ ಕಾಲುವೆಯಲ್ಲಿ ತೇಲಿ ತೊಳೆಯುವ ಮನೆಗೆ ಹೋಗುತ್ತವೆ, ಎಷ್ಟು ತಿಂದೆವೆಂಬ ಲೆಕ್ಕವೂ ಅಲ್ಲೇ ಆಗುತ್ತದೆ. ಐದು ತಟ್ಟೆಗೊಮ್ಮೆ ಪರದೆಯ ಮೇಲೆ ಒಂದು ಆಟ. ಗೆದ್ದರೆ ಮೇಲಿನ ಪೆಟ್ಟಿಗೆಯಿಂದ ಗುಂಡನೆಯ ಡಬ್ಬಿ ಉರುಳುತ್ತದೆ, ಒಳಗೆ ಆಟಿಕೆ. ಆ ಸುತ್ತಿನಲ್ಲಿ ನಾಲ್ಕು ತಟ್ಟೆ ಒಳಗೆ ಹೋಗಿದ್ದವು.

"ಅಜ್ಜೀ, ಇನ್ನೊಂದು."

"ಸಾಕು ಪುಟ್ಟಾ."

"ಒಂದೇ ಒಂದು. ಚಿಕ್ಕದು. ನೋಡು, ಸೌತೆಕಾಯಿ ಬಂತು!"

ಬೇಡ ಬೇಡ ಎಂದು ಎರಡೂ ಕೈ ಅಡ್ಡ ಹಿಡಿದೆ. ಅವಳು ಒಂದು ಗಳಿಗೆ ಸುಮ್ಮನಿದ್ದು, "ಅಜ್ಜೀ, ಅಲಿಪುರದಲ್ಲಿ ನಿನ್ನ ಫ್ರೆಂಡಿಗೆ ಏನು ತಗೊಂಡ್ಹೋಗ್ತೀಯ?" ಎಂದಳು. ಏನೋ ಹೇಳಲು ಅತ್ತ ತಿರುಗಿದೆ. ತಿರುಗಿ ನೋಡಿದರೆ ತಟ್ಟೆ ನನ್ನ ಮುಂದಿತ್ತು, ವಸಾಬಿಯೂ ಹಚ್ಚಿಯಾಗಿತ್ತು. ತಿಂದೆ. ಅವಳು ಐದನೆಯ ತಟ್ಟೆಯನ್ನು ಕಿಂಡಿಗೆ ಹಾಕಿ ಪರದೆಯ ಮುಂದೆ ಉಸಿರು ಬಿಗಿಹಿಡಿದಳು. ಏನೇನೋ ಗೊಂಬೆಗಳು ಕುಣಿದವು. ಕೊನೆಗೆ ಸೋತೆವು.

"ಪರವಾಗಿಲ್ಲ ಅಜ್ಜಿ, ಇನ್ನು ಐದೇ" ಎಂದಳು.